ಲೋಡ್ ಹಾಕಿದರೆ ಗುಂಯ್ ಅನ್ನುತ್ತಿದ್ದ ಗಾಡಿ

ಸದ್ದು ಶುರುವಾಗುತ್ತಿದ್ದದ್ದು ಗಾಡಿ ನಲವತ್ತು ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಎಂಜಿನ್ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ನಲವತ್ತು ದಾಟಿತೋ, ದೂರದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ ಗುಂಯ್ ಎಂಬ ಸದ್ದು. ಐವತ್ತೈದು, ಅರವತ್ತಕ್ಕೆ ಹೋದರೆ ಅದು ಕ್ಯಾಬಿನ್ ತುಂಬ ಹರಡಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ದನಿ ಏರಿಸಬೇಕಾಗುತ್ತಿತ್ತು. ಬ್ರೇಕ್ ಒತ್ತಿದರೂ ನಿಲ್ಲದು, ಗೇರ್ ಬದಲಿಸಿದರೂ ಬದಲಾಗದು. ಗಾಡಿ ನಿಧಾನವಾದರೆ ಅದೂ ನಿಧಾನ.

ನಮ್ಮದು 2008ರ ಮಾಡೆಲ್ಲಿನ ಡೀಸೆಲ್ ಪಿಕಪ್. ಮಂಡ್ಯದ ಪಕ್ಕದ ನಮ್ಮೂರಿಂದ ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಸಾಗಿಸುವುದೇ ಅದರ ಮುಖ್ಯ ಕೆಲಸ. ಒಂದು ಎಳನೀರು ಒಂದೂವರೆ, ಎರಡು ಕೆಜಿ ತೂಗುತ್ತದೆ. ಆರುನೂರು ಕಾಯಿ ಹೇರಿದರೆ ಹಿಂದಿನ ಆಕ್ಸಲ್ ಮೇಲೆ ಒಂದು ಟನ್ ಕೂತ ಹಾಗೆ. ಅಷ್ಟು ತೂಕ ಹೊತ್ತ ಗಾಡಿಯ ಗಾಲಿಯಲ್ಲಿ ಸದ್ದು ಬರುತ್ತಿದೆ ಎಂದರೆ ರೇಡಿಯೋ ಜೋರು ಮಾಡಿಕೊಂಡು ಓಡಿಸುವ ವಿಷಯವಲ್ಲ. ಗಾಲಿ ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗ್ ಜಾಮ್ ಆಗಿ, ಗಾಲಿಯನ್ನು ಹಿಡಿದಿರುವ ನಡುಭಾಗ, ಅಂದರೆ ಹಬ್ ಸಮೇತ ಗಾಲಿ ಕಳಚಿ ಹೋಗಿರುವ ಗಾಡಿಗಳನ್ನು ರಸ್ತೆ ಬದಿಯಲ್ಲಿ ನೋಡಿದವರಿಗೆ ಈ ಭಯ ಗೊತ್ತು.

ಹಾಗಾಗಿ ಮೊದಲು ಮಾಡಿದ್ದು ವೀಲ್ ನಟ್ ನೋಡಿದ್ದು. ಗಾಲಿಯ ಯಾವ ಸದ್ದಿಗೂ ಮೊದಲ ಪರೀಕ್ಷೆ ಇದೇ. ನಟ್ ಸಡಿಲವಾಗಿದ್ದರೆ ಅದರ ಬುಡದಿಂದ ತುಕ್ಕಿನ ಗೆರೆ ಹೊರಕ್ಕೆ ಹರಿದಿರುತ್ತದೆ, ರಿಮ್ಮಿನ ತೂತು ಉದ್ದುದ್ದ ಸವೆದಿರುತ್ತದೆ. ನಮ್ಮ ಗಾಡಿಯಲ್ಲಿ ಎಲ್ಲವೂ ಬಿಗಿಯಾಗಿದ್ದವು. ಮುಂದಿನ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿದೆಯೇ ಎಂದೂ ನೋಡಿದೆ. ಕಲ್ಲು ಸಿಕ್ಕಿದ್ದರೆ ಕೀರ್ ಎಂದು ಕೆರೆಯುವ ಸದ್ದು ಬರುತ್ತದೆ, ಗುಂಯ್ ಅನ್ನುವುದಿಲ್ಲ. ಅದೂ ಇರಲಿಲ್ಲ.

ಇನ್ನು ಸದ್ದು ಯಾವ ಗಾಲಿಯದ್ದು ಎಂಬ ಪ್ರಶ್ನೆ. ಇಲ್ಲಿಂದಲೇ ತಲೆಬಿಸಿ ಶುರು. ಸ್ಟೇರಿಂಗ್ ಹಿಡಿದ ನನಗೆ ಅದು ಬಲಗಡೆ ಮುಂದಿನದ್ದು ಎಂದು ಖಾತ್ರಿ. ಪಕ್ಕದಲ್ಲಿ ಕೂತ ಭಾಮೈದನಿಗೆ ಎಡಗಡೆಯದ್ದು ಎಂದು ಅಷ್ಟೇ ಖಾತ್ರಿ.

"ಭಾವ, ಇದು ನನ್ನ ಕಾಲಡೀಲೇ ಬತ್ತಾ ಅದೆ. ನಿಮ್ ಕಡೆ ಎಲ್ಲಿ ಬತ್ತದೆ?"

"ಇಲ್ಲ ಕಣೋ, ನನ್ನ ಕಿಟಕೀಲೇ ಕೇಳ್ತಾ ಅದೆ."

ಇಬ್ಬರೂ ಅವರವರ ಕಿಟಕಿಯಿಂದ ಬಂದದ್ದನ್ನೇ ಕೇಳುತ್ತಿದ್ದೆವು. ಮಂಡ್ಯದಿಂದ ಮದ್ದೂರಿಗೆ ಹೋಗುವಾಗ ಸರ್ವಿಸ್ ರಸ್ತೆಯಲ್ಲಿ ಬಲಕ್ಕೆ ಬೆಂಗಳೂರು-ಮೈಸೂರು ದಶಪಥದ ಗೋಡೆ ಸಿಗುತ್ತದೆ. ಗಾಲಿಯ ಸದ್ದು ಆ ಗೋಡೆಗೆ ಬಡಿದು ನನ್ನ ಕಿವಿಗೆ ವಾಪಸ್ ಬರುತ್ತದೆ. ಎರಡೂ ಕಡೆ ಗಾಜು ಏರಿಸಿ ಓಡಿಸಿದಾಗ ಸದ್ದಿಗೆ ಎಡವೂ ಇಲ್ಲ, ಬಲವೂ ಇಲ್ಲ, ಸೀಟಿನ ಅಡಿಯಿಂದ ಎದ್ದ ಹಾಗಿತ್ತು. ಚಾಸಿಸ್ಸಿನ ಕಬ್ಬಿಣ ಹಿಂದಿನ ಸದ್ದನ್ನು ಮುಂದಕ್ಕೆ ತಂದು ಕ್ಯಾಬಿನ್ನಿಗೆ ಸುರಿಯುತ್ತದೆ. ಆದ್ದರಿಂದ ಗಾಡಿಯೊಳಗೆ ಕೂತು ಕಿವಿಯೊಂದನ್ನೇ ನಂಬಿ ಗಾಲಿ ಗುರುತಿಸಲು ಹೋಗಬಾರದು. ಸುತ್ತಲಿನ ಯಾವುದಾದರೂ ಒಂದನ್ನು ಬದಲಿಸಿ, ಸದ್ದು ಹೇಗೆ ಬದಲಾಗುತ್ತದೆ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಎರಡನ್ನಲ್ಲ.

ಮೊದಲು ಎಂಜಿನ್ನನ್ನು ಅನುಮಾನದಿಂದ ಬಿಡಿಸಿದೆವು. ಬೆಳಗಿನ ಜಾವ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅರವತ್ತಕ್ಕೆ ಹೋಗಿ ಕ್ಲಚ್ ಒತ್ತಿದೆ. ಎಂಜಿನ್ ದನಿ ಕುಸಿಯಿತು, ಗುಂಯ್ ಹಾಗೇ ಇತ್ತು. ಆ್ಯಕ್ಸಿಲರೇಟರ್ ತುಳಿದಾಗ ಒಂದು ತರ, ಬಿಟ್ಟಾಗ ಇನ್ನೊಂದು ತರ ಕೂಗಿದ್ದರೆ ಹಿಂದಿನ ಎರಡು ಗಾಲಿಗೆ ಎಂಜಿನ್ನಿನ ಶಕ್ತಿ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಕಡೆ ಅನುಮಾನ ಪಡಬಹುದಿತ್ತು. ಅದರ ಹಲ್ಲುಗಳು ಎಳೆಯುವಾಗ ಒಂದು ಮುಖದಲ್ಲೂ ಬಿಟ್ಟಾಗ ಇನ್ನೊಂದು ಮುಖದಲ್ಲೂ ಕಚ್ಚುತ್ತವೆ. ನಮ್ಮ ಸದ್ದಿಗೆ ತುಳಿದದ್ದೂ ಒಂದೇ, ಬಿಟ್ಟದ್ದೂ ಒಂದೇ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಹೋಗಿದ್ದರೆ ಗಾಡಿ ಹೊರಡಿಸುವಾಗ ಟಕ್ ಎನ್ನಬೇಕು, ಇಲ್ಲವೇ ನಿಧಾನದಲ್ಲಿ ಕೀಚ್ ಕೀಚ್ ಎನ್ನಬೇಕು. ಅದೂ ಇರಲಿಲ್ಲ. ಹಾಗಾದರೆ ಗಾಲಿಯ ಜೊತೆಗೇ ತಿರುಗುವ ಏನೋ ಒಂದು: ಟೈರು, ಇಲ್ಲವೇ ಬೇರಿಂಗ್.

ನೂರಡಿ ರಸ್ತೆಯ ಟೈರ್ ಅಂಗಡಿಯಲ್ಲಿ ನೋಡಿದವರು ಒಂದೇ ಮಾತಿಗೆ ಟೈರ್ ಅಂದರು. ಹಿಂದಿನ ಎಡಗಡೆ ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ ಮೇಲೆ ಅಂಗೈ ಆಡಿಸಿ ತೋರಿಸಿದರು. ಒಂದು ದಿಕ್ಕಿಗೆ ಸವರಿದರೆ ನುಣ್ಣಗೆ, ವಾಪಸ್ ಎಳೆದರೆ ಚೂಪು ಅಂಚು ಕೈಗೆ ತಡೆಯುತ್ತದೆ. ಅಲ್ಲಲ್ಲಿ ಬಟನ್ನುಗಳು ತಗ್ಗು ಬಿದ್ದಿದ್ದವು. ಇಂಥ ಟೈರು ಸದ್ದು ಮಾಡುವುದು ನಿಜ. ಅವರು ಸುಳ್ಳು ಹೇಳಲಿಲ್ಲ. ಆದರೆ ಅದೇ ಕಾರಣ ಎಂದು ಜೋಡಿ ಟೈರ್ ಕೊಳ್ಳಲು ನನಗೆ ಮನಸ್ಸು ಒಪ್ಪಲಿಲ್ಲ. ಟೈರೇ ಆಗಿದ್ದರೆ ಟೈರಿನ ಜೊತೆಗೆ ಸದ್ದೂ ಜಾಗ ಬದಲಿಸಬೇಕಲ್ಲ? ನಾಲ್ಕೂ ಒಂದೇ ಅಳತೆಯವು. ಹಿಂದಿನ ಎಡದ್ದನ್ನು ಮುಂದಿನ ಎಡಕ್ಕೆ, ಮುಂದಿನದ್ದನ್ನು ಹಿಂದಕ್ಕೆ ಹಾಕಿಸಿದೆ. ನಾಲ್ಕರಲ್ಲೂ ಗಾಳಿ ಮಾತ್ರ ಮೊದಲಿನಷ್ಟೇ ಇರಲಿ ಎಂದು ಹೇಳಿ ಇಡಿಸಿದೆ. ಗಾಳಿ ಬದಲಾದರೆ ಅದರಿಂದಲೇ ಸದ್ದು ಬದಲಾಗಿ ಲೆಕ್ಕ ತಪ್ಪುತ್ತದೆ.

ಆ ಸಂಜೆ ಓಡಿಸಿದಾಗ ತಿಳಿದದ್ದು ಈ ಇಡೀ ಹುಡುಕಾಟದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು. ಒಂದಲ್ಲ, ಎರಡು ಸದ್ದು ಇದ್ದವು. ಇಷ್ಟು ದಿನ ಎರಡೂ ಒಂದರ ಮೇಲೊಂದು ಕೂತು ಒಂದೇ ಎಂಬಂತೆ ಕೇಳುತ್ತಿದ್ದವು. ಟೈರ್ ಮುಂದೆ ಬಂದ ಮೇಲೆ ಗೊರ ಗೊರ ಎಂಬ ಒಂದು ಪದರ ಮುಂದಕ್ಕೆ ಬಂತು, ಸ್ಟೇರಿಂಗಿಗೂ ಸಣ್ಣಗೆ ತಾಗಿತು. ಆ ಗೊರ ಗೊರ ರಸ್ತೆ ನೋಡಿ ಬದಲಾಗುತ್ತಿತ್ತು. ಊರೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ ಒಂದು ದನಿ, ಹೊಸ ಡಾಂಬರಿಗೆ ಬಂದ ಕೂಡಲೇ ಇನ್ನೊಂದು, ಜಲ್ಲಿ ಎದ್ದ ಹಳೇ ಡಾಂಬರಿನಲ್ಲಿ ಮತ್ತೊಂದು. ಅದು ಟೈರಿನದ್ದು. ಅದರ ಅಡಿಯಲ್ಲಿ ಗುಂಯ್ ಎಂಬುದು ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಕಾಂಕ್ರೀಟೂ ಒಂದೇ, ಡಾಂಬರೂ ಒಂದೇ. ಬೇರಿಂಗ್ ಓಡುವುದು ತನ್ನ ಉಕ್ಕಿನ ಹಾದಿಯ ಮೇಲೆ. ಹೊರಗಿನ ರಸ್ತೆ ಯಾವುದಾದರೆ ಅದಕ್ಕೇನು?

ಎಡವೋ ಬಲವೋ ಎಂಬುದನ್ನು ಹೇಳಿದ್ದು ಮೇಲುಕೋಟೆಯ ರಸ್ತೆ. ಜಕ್ಕನಹಳ್ಳಿಯಿಂದ ಮೇಲಕ್ಕೆ ಹತ್ತುವಾಗ ಎರಡೂ ಕಡೆಗೆ ತಿರುವು ಸಿಗುತ್ತವೆ. ಗಾಡಿ ಬಲಕ್ಕೆ ತಿರುಗಿದರೆ ಮೈಭಾರ ಎಡಗಾಲಿಗಳ ಮೇಲೆ ಒರಗುತ್ತದೆ, ಎಡಕ್ಕೆ ತಿರುಗಿದರೆ ಬಲಗಾಲಿಗಳ ಮೇಲೆ. ಇಳಿಯುವಾಗ ಒಂದೇ ವೇಗ ಹಿಡಿದು ಕಿವಿಗೊಟ್ಟೆವು. ಬಲತಿರುವಿನಲ್ಲಿ ಸದ್ದು ಏರಿತು, ಎಡತಿರುವಿನಲ್ಲಿ ತಗ್ಗಿತು. ಹಾಗಾದರೆ ಎಡಗಡೆಯದ್ದು. ಭಾಮೈದ ಗೆದ್ದ. ಆದರೆ ಇಷ್ಟರಿಂದ ಮುಂದಿನದ್ದೋ ಹಿಂದಿನದ್ದೋ ತಿಳಿಯದು, ಏಕೆಂದರೆ ತಿರುವಿನಲ್ಲಿ ಎಡಗಡೆಯ ಎರಡೂ ಗಾಲಿಗಳಿಗೆ ಭಾರ ಬೀಳುತ್ತದೆ.

ಆ ಪ್ರಶ್ನೆಗೆ ಉತ್ತರ ನಮ್ಮ ಕಸುಬಿನಲ್ಲೇ ಇತ್ತು. ಮದ್ದೂರಿಗೆ ಹೋಗುವಾಗ ಲೋಡು, ಬರುವಾಗ ಖಾಲಿ. ಕಾರಿನವರಿಗೆ ಇಲ್ಲದ ಅನುಕೂಲ ಪಿಕಪ್ಪಿನವರಿಗೆ ಇದೆ: ಹಿಂದಿನ ಆಕ್ಸಲ್ಲಿನ ಭಾರವನ್ನೇ ಬೇಕಾದ ಹಾಗೆ ಬದಲಿಸಬಹುದು. ಹೋಗುವಾಗ ಐವತ್ತಕ್ಕೆ ಮಾತು ಕೇಳದಷ್ಟು ಗುಂಯ್. ಕಾಯಿ ಇಳಿಸಿ ಅದೇ ವೇಗದಲ್ಲಿ ವಾಪಸ್ ಬರುವಾಗ ಅರ್ಧಕ್ಕಿಂತ ಕಡಿಮೆ. ತೂಕ ಏರಿದ್ದೂ ಇಳಿದದ್ದೂ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ. ಎಡ, ಹಿಂದೆ. ಕೊನೆಯ ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ ಬಂದು, ತಾನಾಗಿ ನಿಲ್ಲಲು ಬಿಟ್ಟು, ಎರಡೂ ಹಿಂದಿನ ಹಬ್ಬಿಗೆ ಕೈಯ ಹಿಂಬದಿ ತಾಗಿಸಿದೆ. ಬ್ರೇಕ್ ಹೊಡೆದು ನಿಲ್ಲಿಸಿದ್ದರೆ ಡ್ರಮ್ಮೇ ಕಾದು ಲೆಕ್ಕ ಕೆಡುತ್ತಿತ್ತು. ಬಲದ್ದು ಬೆಚ್ಚಗಿತ್ತು. ಎಡದ್ದಕ್ಕೆ ಕೈ ಇಟ್ಟುಕೊಳ್ಳಲು ಆಗಲಿಲ್ಲ.

ಗುತ್ತಲು ರಸ್ತೆಯ ಕಡೆ ನಮ್ಮ ತಂದೆಯ ಕಾಲದಿಂದಲೂ ಗಾಡಿ ನೋಡುವ ಮೇಸ್ತ್ರಿ ಒಬ್ಬರಿದ್ದಾರೆ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಕೊಂಡರು, ಆದರೂ ತಾವೇ ನೋಡದೆ ಸ್ಪ್ಯಾನರ್ ಮುಟ್ಟಲಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕಿ ಎತ್ತಿ ಸ್ಟ್ಯಾಂಡ್ ಇಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್ ಮಾಡಿದರು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಕೂದಲೆಳೆಯಷ್ಟು ಆಟ ಇತ್ತು. ಆಮೇಲೆ ನನ್ನ ಕೈ ಹಿಡಿದು ಹಿಂದಿನ ಸ್ಪ್ರಿಂಗಿನ ಕಮಾನ್ ಪ್ಲೇಟಿನ ಮೇಲೆ, ಆಕ್ಸಲ್ ಕೂತಿರುವ ಜಾಗದ ಪಕ್ಕದಲ್ಲಿ ಇಡಿಸಿದರು.

"ಕಿವಿ ಬುಡಪ್ಪ ಒಸಿ. ಬೆಳ್ಳಲ್ಲಿ ಕೇಳು."

ಅವರು ಗಾಲಿಯನ್ನು ಮೆಲ್ಲಗೆ ತಿರುಗಿಸಿದರು. ಕಿವಿಗೆ ಬ್ರೇಕ್ ಶೂ ಸವರುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಬೆರಳಿಗೆ ಮಾತ್ರ ತಿಳಿಯಿತು: ಕಬ್ಬಿಣದ ಒಳಗೆ ಮರಳು ಸಿಕ್ಕಿದ ಹಾಗೆ ಸಣ್ಣ ಗರಗರ, ನಡುವೆ ಒಂದು ತಡೆ, ಮತ್ತೆ ಗರಗರ. ಬಲಗಡೆ ಪ್ಲೇಟಿನ ಮೇಲೆ ಬೆರಳಿಟ್ಟು ಆ ಗಾಲಿ ತಿರುಗಿಸಿದಾಗ ಏನೂ ಇಲ್ಲ. ಎರಡನ್ನೂ ಹೀಗೆ ಒಂದರ ಹಿಂದೊಂದು ಮುಟ್ಟಿ ನೋಡಿದರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಗಾಡಿ ಇರುವ ಯಾರೇ ಆಗಲಿ ಈ ಒಂದು ಪರೀಕ್ಷೆಯನ್ನು ಕಲಿಯಲೇಬೇಕು ಎನ್ನುತ್ತೇನೆ. ಒಂದು ಜಾಕಿ, ಸ್ಟ್ಯಾಂಡು, ಎರಡು ಕೈ ಇದ್ದರೆ ಸಾಕು.

ನಮ್ಮ ಗಾಡಿಯ ಹಿಂದಿನ ಆಕ್ಸಲ್ಲಿನಲ್ಲಿ ಒಳಗಿನ ಶಾಫ್ಟ್ ಗಾಲಿಯನ್ನು ತಿರುಗಿಸುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಭಾರವೆಲ್ಲ ಶಾಫ್ಟಿನ ಹೊರಕವಚವಾದ ಹೌಸಿಂಗಿನ ತುದಿಯ ಕೊಳವೆಯ ಮೇಲೆ ಕೂತ ಎರಡು ಟೇಪರ್ (ಓರೆ ರೋಲರಿನ) ಬೇರಿಂಗುಗಳದ್ದು, ಒಳಗೊಂದು ಹೊರಗೊಂದು. ಆದ್ದರಿಂದ ಶಾಫ್ಟಿನ ಮುಖದ ಬೋಲ್ಟ್ ಬಿಚ್ಚಿ ಶಾಫ್ಟನ್ನು ಎಳೆದು ಹೊರತೆಗೆಯಬಹುದು. ಆಮೇಲೆ ಲಾಕ್ ವಾಷರಿನ ಮಡಿಕೆ ಬಿಡಿಸಿ, ದೊಡ್ಡ ಬಾಕ್ಸ್ ಸ್ಪ್ಯಾನರಿನಿಂದ ನಟ್ ತಿರುವಿದರೆ ಹಬ್ ಕೈಗೆ ಬರುತ್ತದೆ. ಡ್ರಮ್ ತೆಗೆದ ಕೂಡಲೇ ಹುಡುಗನೊಬ್ಬ ಗಾಳಿ ಪೈಪ್ ತಂದ. ಮೇಸ್ತ್ರಿ ಬೇಡ ಅಂದು ಒದ್ದೆ ಬಟ್ಟೆ ಕೊಟ್ಟರು. ಬ್ರೇಕಿನ ಧೂಳು ಎದೆಗೆ ಹೋಗಬಾರದು. ಹಳೆಯ ಶೂಗಳಲ್ಲಿ ಆ್ಯಸ್‌ಬೆಸ್ಟಾಸ್ ಇರಬಹುದು. ಎಷ್ಟೋ ಗ್ಯಾರೇಜುಗಳಲ್ಲಿ ಹುಡುಗರು ಮುಖದ ಮುಂದೆಯೇ ಅದನ್ನು ಊದಿಸುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಹಬ್ ಹೊರಬಂದಾಗ ಒಳಗಿನ ಗ್ರೀಸ್ ಗ್ರೀಸಿನ ಬಣ್ಣದಲ್ಲಿ ಇರಲಿಲ್ಲ. ಮಬ್ಬು ಬಿಳಿಯಾಗಿ, ತೆಳ್ಳಗೆ, ಬೆರಳಿಗೆ ಅಂಟದೆ ಜಾರುತ್ತಿತ್ತು. ಬೆಳಕಿಗೆ ಹಿಡಿದರೆ ಅದರಲ್ಲಿ ಉಕ್ಕಿನ ಪುಡಿ ಮಿನುಗುತ್ತಿತ್ತು. ನೀರು ಬೆರೆತಿದೆ ಎಂದು ಹೇಳಲು ಮೇಸ್ತ್ರಿಯೇ ಬೇಕಾಗಿರಲಿಲ್ಲ. ನೀರು ಎಲ್ಲಿಂದ ಬಂತೆಂಬುದೂ ನನಗೆ ಆಗಲೇ ಹೊಳೆಯಿತು. ನಮ್ಮ ತೋಟದ ದಾರಿಯಲ್ಲಿ ಒಂದು ತಗ್ಗು ಮೋರಿ ಇದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಾಗ ಸೀಳುನಾಲೆ ತುಂಬಿ ಮೋರಿಯ ಮೇಲೇ ಹರಿಯುತ್ತದೆ, ಎಡಗಡೆ ಹೆಚ್ಚು ಆಳ. ಬೇರೆ ದಾರಿ ಇಲ್ಲ. ಮದ್ದೂರಿಂದ ಬಂದ ಗಾಡಿ ಕಾದ ಹಬ್ಬಿನಲ್ಲೇ ಆ ತಣ್ಣೀರಿಗೆ ಇಳಿಯುತ್ತದೆ. ಹಬ್ಬಿನೊಳಗಿನ ಬಿಸಿಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು, ನೀರು ಒಳಬರದಂತೆ ತಡೆಯಬೇಕಾದ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸೀಲಿನ ರಬ್ಬರ್ ತುಟಿ ಗಟ್ಟಿಯಾಗಿ ಸಣ್ಣಗೆ ಸೀಳಿತ್ತು. ಸೀಲ್ ಹೊಸದಾಗಿದ್ದರೆ ತಡೆಯುತ್ತಿತ್ತೋ ಏನೋ. ಇದಕ್ಕೆ ತಡೆಯುವ ಶಕ್ತಿ ಹೋಗಿ ಎಷ್ಟೋ ಕಾಲವಾಗಿತ್ತು.

ಹಾಳಾದ ಬೇರಿಂಗನ್ನು ಮೇಸ್ತ್ರಿ ಬಿಸಾಡಲು ಬಿಡಲಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಳಿಯಿಂದ ರೋಲರ್ ಹಿಡಿದಿಡುವ ಕೇಜ್ ಕತ್ತರಿಸಿ, ರೋಲರುಗಳನ್ನು ಒಂದೊಂದಾಗಿ ಉದುರಿಸಿ, ಒಳಗಿನ ಉಕ್ಕಿನ ಹಾದಿ ತೋರಿಸಿದರು. ಸುತ್ತಲೂ ಹೊಳಪು, ಒಂದು ಕಡೆ ಮಾತ್ರ, ಉಗುರಿನಷ್ಟು ಅಗಲಕ್ಕೆ, ಚಕ್ಕೆ ಎದ್ದು ಗುಂಡಿ. ಅದು ಒಂದೇ ಕಡೆ ಏಕೆ ಎಂಬುದಕ್ಕೆ ಕಾರಣವಿದೆ. ಇಲ್ಲಿ ತಿರುಗುವುದು ಹಬ್ಬು ಮತ್ತು ಅದರಲ್ಲಿ ಕೂತ ಹೊರಬಳೆ. ಒಳಬಳೆ ಕೊಳವೆಯ ಮೇಲೆ ನಿಂತೇ ಇರುತ್ತದೆ, ಗಾಡಿಯ ಭಾರ ಸದಾ ಅದರ ಕೆಳಭಾಗದ ಮೇಲೇ ಬೀಳುತ್ತದೆ. ವರ್ಷಗಟ್ಟಲೆ ಒಂದೇ ಜಾಗ ಪೆಟ್ಟು ತಿಂದಿದೆ. ನೀರು ಸೇರಿ ಗ್ರೀಸಿನ ಪೊರೆ ಹರಿದ ಮೇಲೆ ಅಲ್ಲೇ ಮೊದಲು ಸಿಪ್ಪೆ ಎದ್ದಿದೆ.

ಗುಂಯ್ ಎಂಬ ಸದ್ದು ಹುಟ್ಟುತ್ತಿದ್ದದ್ದೂ ಆ ಗುಂಡಿಯಲ್ಲೇ. ಪ್ರತಿ ರೋಲರ್ ಅದನ್ನು ದಾಟುವಾಗ ಒಂದು ಸಣ್ಣ ಟಕ್. ನಮ್ಮ ಟೈರಿನ ಸುತ್ತಳತೆ ಎರಡು ಮೀಟರ್ ಚಿಲ್ಲರೆ. ಅರವತ್ತರ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು ಎಂಟು ಸುತ್ತು ಹೊಡೆಯುತ್ತದೆ. ಒಂದು ಸುತ್ತಿನಲ್ಲಿ ಹತ್ತು ಹನ್ನೊಂದು ರೋಲರ್ ಆ ಗುಂಡಿ ದಾಟಿದರೂ ಸೆಕೆಂಡಿಗೆ ಎಂಬತ್ತು ತೊಂಬತ್ತು ಟಕ್ಕು. ಅಷ್ಟು ಸೇರಿದರೆ ಕಿವಿಗೆ ಬಿಡಿ ಟಕ್ಕುಗಳಾಗಿ ಕೇಳದೆ ಒಂದೇ ಗುಂಯ್ ಆಗುತ್ತದೆ. ವೇಗ ಏರಿದರೆ ಶ್ರುತಿ ಏರುವುದು, ಲೋಡ್ ಬಿದ್ದರೆ ಜೋರಾಗುವುದು, ಎಲ್ಲಕ್ಕೂ ಮೂಲ ಆ ಉಗುರಗಲದ ಜಾಗ.

ಹೊಸ ಬೇರಿಂಗ್ ತರಲು ಹಳೆಯದರ ಮೇಲೆ ಕೊರೆದ ನಂಬರ್ ಬರೆದುಕೊಂಡೆ. ಒಳಗಿನದ್ದು 32210. ಈ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ: 10 ಅಂದರೆ 50. ಗಾಡಿ ಮಾಡೆಲ್ ಹೇಳಿ ಕೇಳುವುದಕ್ಕಿಂತ ನಂಬರ್ ಹೇಳಿ ಕೇಳುವುದು ವಾಸಿ. ಬೇರಿಂಗಿನಲ್ಲಿ ನಕಲಿ ಮಾಲು ಬಹಳ. ಬಿಲ್ ಇಲ್ಲದೆ, ಅರ್ಧ ಬೆಲೆಗೆ ಸಿಗುವುದನ್ನು ಟನ್ ಹೊರುವ ಗಾಲಿಗೆ ಹಾಕಬಾರದು. ರೋಲರ್ ಇರುವ ಒಳಬಳೆಯನ್ನು, ಅಂದರೆ ಕೋನನ್ನು ಮಾತ್ರ ಬದಲಿಸಿ ಹಬ್ಬಿನಲ್ಲಿರುವ ಹಳೆಯ ಹೊರಬಳೆಯನ್ನೇ, ಅಂದರೆ ಕಪ್ಪನ್ನೇ ಉಳಿಸಿಕೊಳ್ಳುವವರೂ ಇದ್ದಾರೆ. ಅದೂ ಬೇಡ, ಸವೆದ ಹಾದಿಯ ಮೇಲೆ ಹೊಸ ರೋಲರ್ ಬಾಳದು. ಒಳಗಿನ, ಹೊರಗಿನ ಎರಡೂ ಸೆಟ್ ಮತ್ತು ಸೀಲ್ ತಂದೆ.

ಕಪ್ ಕೂರಿಸುವಾಗ ಹಿತ್ತಾಳೆ ಸಲಾಕೆ ಇಟ್ಟು ಸುತ್ತಲೂ ಸಮನಾಗಿ ಬಡಿಯುತ್ತಾ ಹೋದರು. ಇಳಿಯುತ್ತಿರುವ ತನಕ ಟಣ್ ಟಣ್ ಅನ್ನುತ್ತಿದ್ದದ್ದು ತಳಕ್ಕೆ ಕೂತ ಗಳಿಗೆಗೆ ಠಪ್ ಎಂದು ದಪ್ಪವಾಯಿತು. ಅಲ್ಲಿಗೆ ಬಡಿಯುವುದು ನಿಂತಿತು. ಗ್ರೀಸನ್ನು ಅಂಗೈಯಲ್ಲಿ ಗುಡ್ಡೆ ಹಾಕಿಕೊಂಡು, ಕೋನಿನ ಅಗಲ ಬದಿಯನ್ನು ಅದಕ್ಕೆ ಒತ್ತೊತ್ತಿ, ಕಿರಿದಾದ ಬದಿಯಿಂದ ಗ್ರೀಸ್ ಹೊರಬರುವ ತನಕ ತುಂಬಿದರು. ಇಡೀ ಹಬ್ಬಿಗೆ ಗ್ರೀಸ್ ತುರುಕಲಿಲ್ಲ. ತುರುಕಿದರೆ ಅದೇ ಕಡೆದು ಬಿಸಿಯಾಗುತ್ತದೆ. ನಟ್ ಬಿಗಿಯುವುದು ಇದೆಲ್ಲಕ್ಕಿಂತ ನಾಜೂಕು. ಹಬ್ ತಿರುಗಿಸುತ್ತಲೇ ಬಿಗಿದು, ರೋಲರುಗಳು ತಮ್ಮ ಜಾಗಕ್ಕೆ ಕೂತ ಮೇಲೆ ಸ್ವಲ್ಪ ಹಿಂದಕ್ಕೆ ಬಿಟ್ಟು, ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗೆ ಆಟ ಉಳಿಸಿ ಲಾಕ್ ಮಾಡಿದರು. ಹೆಚ್ಚು ಬಿಗಿದರೆ ಹೊಸ ಬೇರಿಂಗ್ ಕಾದು ಸುಡುತ್ತದೆ, ಸಡಿಲ ಬಿಟ್ಟರೆ ಗಾಲಿ ವಾಲಾಡಿ ಟೈರ್ ತಿನ್ನುತ್ತದೆ. ಆ ಟೈರಿನ ಬಟನ್ ತಗ್ಗು ಬಿದ್ದದ್ದಕ್ಕೆ ಹಳೆಯ ಬೇರಿಂಗಿನ ಆಟವೂ ಕಾರಣ ಎಂದು ಮೇಸ್ತ್ರಿಯ ಲೆಕ್ಕ. ನನಗೂ ಹಾಗೇ ಅನಿಸುತ್ತದೆ.

ಬಲಗಡೆಯದ್ದನ್ನೂ ಬಿಚ್ಚಿಸಿದೆ. ಅಲ್ಲಿ ಉಕ್ಕಿನ ಹಾದಿ ನುಣ್ಣಗಿತ್ತು, ಗ್ರೀಸ್ ಕಂದಾಗಿತ್ತು ಅಷ್ಟೇ. ಸೀಲಿನ ಬಳಿ ಮಾತ್ರ ಒಂದು ಬಿಳಿ ಗೆರೆ ಶುರುವಾಗಿತ್ತು. ತೊಳೆದು ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿಸಿದೆ. ಮೋರಿಯಂತೂ ಅಲ್ಲೇ ಇದೆ. ಈಗ ಲೋಡ್ ಇಳಿಸಿ ಬಂದ ಕೂಡಲೇ ನೀರಿಗೆ ಇಳಿಸದೆ, ಮೋರಿಯ ಈಚೆಗೆ ಹೊಂಗೆ ಮರದಡಿ ನಿಲ್ಲಿಸಿ ಹಬ್ ತಣಿಯಲು ಬಿಡುತ್ತೇನೆ. ನಾಲೆಯ ನೀರು ನಿಂತ ಮೇಲೆ ಪ್ರತಿ ಸಲ ಹಿಂದಿನ ಎರಡೂ ಹಬ್ ಬಿಚ್ಚಿಸಿ ಗ್ರೀಸ್ ನೋಡಿಸುವುದೆಂದು ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.

ತುಂಬು ಲೋಡಿನಲ್ಲಿ ಮದ್ದೂರಿಗೆ ಹೋಗಿ ಮಾರುಕಟ್ಟೆಯ ಗೇಟಿನ ಈಚೆ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿದೆ; ಎಡವೂ ಬಲವೂ ಒಂದೇ ಬಿಸಿ. ಗುಂಯ್ ಪೂರ್ತಿ ಹೋಗಿದೆ. ಮುಂದಿನ ಎಡ ಟೈರಿನ ಗೊರ ಗೊರ ಇನ್ನೂ ಇದೆ, ಹಳೇ ಡಾಂಬರಿನಲ್ಲಿ ಚೆನ್ನಾಗಿ ಕೇಳುತ್ತದೆ. ಅದು ಏನೆಂದು ಗೊತ್ತಿದೆ, ಬಟನ್ ಇನ್ನೂ ಉಳಿದಿದೆ, ಸವೆಯುವ ತನಕ ಓಡಲಿ.